ಸಂಗಣ್ಣನ ಝೀರೋ

ಬಸವನ ಬಾಗೇವಾಡಿ
4 ನವೆಂಬರ್ 2024

ಕಾಸಿಂಸಾಬನಿಗೆ,

ಹದಿನೇಳು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಹದಿನೆಂಟನೆಯದಕ್ಕೆ ಅಬಿದಾ ಭಾಬಿ ಎತ್ತಿ, "ಅವರು ಮಾತಾಡೂದಿಲ್ಲಂತ್ರಿ. ಬೇಕಾದ್ರ ಕಾಗದ ಬರೀಬೇಕಂತ" ಎಂದರು. ಪಕ್ಕದಲ್ಲೇ ನೀನು ಕೆಮ್ಮಿದ್ದು ನನಗೆ ಕೇಳಿಸಿತು. ಇರಲಿ. ಗರಜು ನನ್ನದು, ಬರೆಯುತ್ತಿದ್ದೇನೆ.

ಭಾಗ್ಯಾಳಿಗೆ ಗಂಡು ಗೊತ್ತಾಗುವಂತಿದೆ. ಅವಳೀಗ ಮುದ್ದೇಬಿಹಾಳದಲ್ಲಿ ದನದ ಡಾಕ್ಟರ್. ಹುಡುಗ ಅಮಿತ ಪುಣೆಯಲ್ಲಿ ಮಕ್ಕಳ ಡಾಕ್ಟರ್. ಅವನ ತಂದೆ ಹಿಪ್ಪರಗಿ ಸಾಹೇಬರು ಮೂಲದಲ್ಲಿ ನಮ್ಮ ಸಿಂದಗಿಯವರೇ. ಪುಣೆಯಲ್ಲಿ ದೊಡ್ಡ ಇಂಜಿನಿಯರ್ ಆಗಿದ್ದು ನಿವೃತ್ತರಾಗಿ ಈಗ ಗಾಲ್ಫ್ ಆಡಿಕೊಂಡಿದ್ದಾರೆ. ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಚಹಾ ಕುಡಿಯುವಾಗ ಗಾಲ್ಫಿನ ಮಾತು ತೆಗೆದರು. ನಾನೂ ಆಡುತ್ತೇನೆ ಎಂದುಬಿಟ್ಟೆ. ಯಾಕೆ ಅಂದೆನೋ ನನಗೇ ಗೊತ್ತಿಲ್ಲ. ಎದುರಿಗೆ ಕೂತವರು ದೊಡ್ಡವರಾದರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಅವರು, "ನಿಮ್ಮದು ಹ್ಯಾಂಡಿಕ್ಯಾಪ್ ಎಷ್ಟರೀ?" ಎಂದು ಕೇಳಿದರು. ನನಗೆ ಸಿಟ್ಟೇ ಬಂತು. ಹೆಣ್ಣು ಕೊಡುವವನ ಕೈಕಾಲು ನೆಟ್ಟಗಿದೆಯೋ ಇಲ್ಲವೋ ಎಂದು ಕೇಳುವ ಪದ್ಧತಿ ಎಲ್ಲಿದೆ? ತಾಲೂಕು ಆಫೀಸಿನಲ್ಲಿ ಅಂಗವಿಕಲರಿಗೆ ಇಷ್ಟು ಪರ್ಸೆಂಟ್ ಎಂದು ಬರೆದುಕೊಡುತ್ತಾರಲ್ಲ, ಅದನ್ನೇ ಕೇಳುತ್ತಿದ್ದಾರೆ ಎಂದುಕೊಂಡೆ. "ನನಗ ಹ್ಯಾಂಡಿಕ್ಯಾಪ್ ಗಿಂಡಿಕ್ಯಾಪ್ ಏನೂ ಇಲ್ರೀ. ಝೀರೋ!" ಎಂದು ಗಟ್ಟಿಯಾಗಿ ಹೇಳಿದೆ.

ಅವರು ಎದ್ದು ನಿಂತು ಎರಡೂ ಕೈಯಿಂದ ನನ್ನ ಕೈ ಕುಲುಕಿದರು. "ಝೀರೋ? ಬಾಗೇವಾಡ್ಯಾಗ?" ಎಂದು ಮೂರು ಸಲ ಕೇಳಿದರು. ಫೆಬ್ರವರಿ ಒಂಬತ್ತಕ್ಕೆ ಪುಣೆಯ ತಮ್ಮ ಕ್ಲಬ್ಬಿಗೆ ಆಡಲು ಕರೆದಿದ್ದಾರೆ. ಅದಾದ ಮೇಲೆ ನಿಶ್ಚಯದ ದಿನ ಗೊತ್ತು ಮಾಡುವುದಂತೆ. ಝೀರೋ ಎಂದರೆ ಅಷ್ಟು ದೊಡ್ಡದೇ? ನಲವತ್ತು ವರ್ಷ ಪುಣೆಯ ಗಾಲ್ಫ್ ಮೈದಾನದಲ್ಲಿ ದುಡಿದು ಬಂದವನು ನೀನು. ಚೆಂಡು ಹೊಡೆಯುವ ಆ ಐರನ್ ಯಾವುದು ತೆಗೆದುಕೊಳ್ಳಬೇಕು, ಬೇಗ ತಿಳಿಸು.

ಸಂಗಣ್ಣ

*

ಝಳಕಿ
11 ನವೆಂಬರ್ 2024

ಸಂಗಣ್ಣ,

ನಿನ್ನ ಕಾಗದ ಎರಡು ಸಲ ಓದಿದೆ. ಮೊದಲ ಸಲ ನಗು ಬಂದು ಅಕ್ಷರ ಕಾಣಲಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳುವ ತಾಳ್ಮೆ ನನಗಿಲ್ಲ. ಕಾಗದವಾದರೆ ಬೇಜಾರಾದಲ್ಲಿ ಮಡಚಿಡಬಹುದು.

ಝೀರೋ ಎಂದರೆ ಏನೆಂದು ಹೇಳುತ್ತೇನೆ, ಕೂತುಕೊಂಡು ಓದು. ಆ ಮೈದಾನದಲ್ಲಿ ಹದಿನೆಂಟು ಕುಳಿಗಳಿವೆ. ಚೆಂಡನ್ನು ಎಲ್ಲ ಕುಳಿಗೂ ಹಾಕಿ ಮುಗಿಸಲು ಎಪ್ಪತ್ತೆರಡು ಹೊಡೆತ ಎಂದು ಗೊತ್ತುಪಡಿಸಿದ್ದಾರೆ. ಅದರ ಮೇಲೆ ನಿನಗೆ ಸಾಧಾರಣವಾಗಿ ಎಷ್ಟು ಹೊಡೆತ ಹೆಚ್ಚು ಬೇಕೋ ಅದು ನಿನ್ನ ಹ್ಯಾಂಡಿಕ್ಯಾಪ್. ಹಿಪ್ಪರಗಿ ಸಾಹೇಬರದು ಹದಿನೆಂಟು. ನನಗೆ ಗೊತ್ತು, ಯಾಕೆಂದರೆ ಅವರಿಗೆ ಐರನ್ ಆರಿಸಿ ಕೊಟ್ಟವನು ನಾನೇ. ಝೀರೋ ಎಂದರೆ ಒಂದು ಹೊಡೆತವೂ ಹೆಚ್ಚು ಬೇಡದವನು. ಪುಣೆಯಲ್ಲಿ ನಲವತ್ತು ವರ್ಷದಲ್ಲಿ ಅಂಥವರನ್ನು ಆರು ಜನ ನೋಡಿದ್ದೇನೆ. ಏಳನೆಯವನು ಬಾಗೇವಾಡಿಯ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೂತಿದ್ದಾನೆ ಎಂದು ಈಗ ತಿಳಿಯಿತು.

ಇನ್ನು ಐರನ್. ಎರಡು ಜಾತಿ ಇವೆ. ಒಂದು ಬ್ಲೇಡ್. ತೆಳ್ಳಗೆ, ಚಿಕ್ಕದಾಗಿ, ನೋಡಲು ಬಲು ಚಂದ. ಚೆಂಡು ಅದರ ನಟ್ಟನಡುವೆ ತಾಗಿದರೆ ಕೈಗೆ ಏನೂ ಗೊತ್ತಾಗುವುದಿಲ್ಲ, ಚೆಂಡು ಹೇಳಿದಲ್ಲಿ ಹೋಗಿ ಬೀಳುತ್ತದೆ. ಕೂದಲೆಳೆ ಆಚೀಚೆ ತಾಗಿದರೆ ಮೊಣಕೈವರೆಗೆ ಝುಮ್ಮೆನ್ನುತ್ತದೆ, ಚೆಂಡು ತನಗೆ ಬೇಕಾದಲ್ಲಿಗೆ ಹೋಗುತ್ತದೆ. ಇಪ್ಪತ್ತು ವರ್ಷ ದಿನಾ ಆಡಿದ ಕೈಗೆ ಅದು. ಇನ್ನೊಂದು ಕ್ಯಾವಿಟಿ. ಅದರ ಬೆನ್ನನ್ನು ತೋಡಿ ಭಾರವನ್ನು ಅಂಚಿಗೆ ಹಾಕಿರುತ್ತಾರೆ, ಅಡಿ ದಪ್ಪ. ತಪ್ಪಿ ಹೊಡೆದರೂ ಚೆಂಡು ಒಂದಷ್ಟು ಮುಂದಕ್ಕೆ ಹೋಗುತ್ತದೆ. ಹಿಪ್ಪರಗಿ ಸಾಹೇಬರು ಆಡುವುದು ಅದರಲ್ಲೇ. ಅಷ್ಟು ದೊಡ್ಡ ಮನುಷ್ಯರಿಗೇ ಅದರಲ್ಲಿ ನಾಚಿಕೆ ಇಲ್ಲ.

ನನ್ನ ಸಲಹೆ ಕೇಳುವುದಾದರೆ ಇಂದೇ ಅವರಿಗೆ ಫೋನ್ ಮಾಡಿ, ತಪ್ಪು ತಿಳಿದು ಹೇಳಿದೆ ಎನ್ನು. ಒಳ್ಳೆಯ ಮನುಷ್ಯ, ನಕ್ಕು ಸುಮ್ಮನಾಗುತ್ತಾರೆ. ಆಮೇಲೆ ಕ್ಯಾವಿಟಿ ತೆಗೆದುಕೊಂಡು ಬೇಕಾದರೆ ಕಲಿ. ಕೇಳದಿದ್ದರೆ, ಪಾರ್ಸೆಲ್ ಗಾಡಿಯ ತೌಸಿಫನ ಕೈಯಲ್ಲಿ ಒಂದು ಹಳೆಯ ಏಳನೇ ನಂಬರಿನ ಐರನ್ನೂ ಹತ್ತು ಚೆಂಡೂ ಕಳಿಸಿದ್ದೇನೆ. ಅದರ ಮುಖಕ್ಕೆ ಒಣ ವಿಭೂತಿ ಸವರು, ಹತ್ತು ಚೆಂಡು ಹೊಡೆ. ಪ್ರತಿ ಸಲವೂ ವಿಭೂತಿ ಎಲ್ಲಿ ಅಳಿಸಿತೋ ಅಲ್ಲಿ ಕಾಗದದ ಮೇಲೆ ಚುಕ್ಕೆ ಇಟ್ಟು ಕಳಿಸು. ಮಣಿಕಟ್ಟಿನಿಂದ ನೆಲದವರೆಗಿನ ಅಳತೆಯನ್ನೂ ಬರೆ. ಕೈ ನೋಡದೆ ನಾನು ಯಾರಿಗೂ ಐರನ್ ಕೊಟ್ಟವನಲ್ಲ. ತಪ್ಪು ಐರನ್ ಕೊಟ್ಟ ಎಂದು ಇವತ್ತಿನವರೆಗೆ ಯಾರೂ ಅಂದಿಲ್ಲ. ನಾನು ಗಳಿಸಿದ್ದು ಅದೊಂದೇ.

ಚೀಲ ಹೊರುವವನ ಸಲಹೆ ಇಷ್ಟು. ಆ ಮಾತು ನಿನ್ನದೇ. ಹನ್ನೆರಡು ವರ್ಷದ ಹಿಂದೆ ಇಂಡಿಯಲ್ಲಿ ನಿನ್ನ ಮೊದಲ ಶೋರೂಮಿನ ಪೂಜೆಗೆ ಪುಣೆಯಿಂದ ರಾತ್ರಿ ಬಸ್ಸಿನಲ್ಲಿ ಬಂದಿದ್ದೆ. ಇನ್ನೂರು ಜನರ ಮುಂದೆ ಶಾಸಕರಿಗೆ ನನ್ನನ್ನು ತೋರಿಸಿ, "ಇಂವ ನಮ್ಮೂರಾಂವ ರೀ, ಪುಣೇದಾಗ ಸಾಹೇಬರ ಚೀಲಾ ಹೊರತಾನ" ಎಂದು ನಕ್ಕೆ. ಆಗಲೇ ನಾನು ಆಟಗಾರರ ಐರನ್ ಚೀಲ ಹೊರುವುದನ್ನು ಬಿಟ್ಟು ಐರನ್ ಆರಿಸುವ ಕೆಲಸಕ್ಕೆ ಕೂತು ಹದಿನೈದು ವರ್ಷವಾಗಿತ್ತು. ನಿನಗೆ ಅದು ಗೊತ್ತಿತ್ತು.

ಕಾಸಿಂಸಾಬ

*

ಬಸವನ ಬಾಗೇವಾಡಿ
20 ನವೆಂಬರ್ 2024

ಕಾಸಿಂಸಾಬ,

ಹಳೆಯದನ್ನು ಯಾಕೆ ಕೆದಕುತ್ತೀ? ಆ ದಿನ ಸಾವಿರ ಮಾತಾಡಿರುತ್ತೇನೆ, ನೆನಪಿಟ್ಟುಕೊಳ್ಳಲು ನಾನೇನು ಗುಮಾಸ್ತನೇ.

ಹಿಪ್ಪರಗಿಯವರಿಗೆ ನಾನು ಹೇಳುವುದಿಲ್ಲ, ನೀನೂ ಹೇಳಕೂಡದು. ಅವರು ಈಗಾಗಲೇ ತಮ್ಮ ಕ್ಲಬ್ಬಿನಲ್ಲಿ ಎಲ್ಲರಿಗೂ ಬೀಗರು ಝೀರೋ ಎಂದು ಹೇಳಿಕೊಂಡು ತಿರುಗುತ್ತಿದ್ದಾರಂತೆ. ಈಗ ಇಲ್ಲವೆಂದರೆ ಅವರ ಮುಖ ಎಲ್ಲಿ, ನನ್ನ ಮುಖ ಎಲ್ಲಿ? ಸುಳ್ಳುಗಾರನ ಮನೆಯ ಹುಡುಗಿ ಬೇಡ ಎಂದರೆ ಭಾಗ್ಯಾಳ ಗತಿ ಏನು?

ನಿನ್ನ ಏಳನೇ ನಂಬರಿನಲ್ಲಿ ಶೋರೂಮಿನ ಹಿಂದಿನ ಬಯಲಿನಲ್ಲಿ ಹತ್ತು ಚೆಂಡು ಹೊಡೆದೆ. ಹತ್ತೂ ನಟ್ಟನಡುವೆ ತಾಗಿದವು. ಚುಕ್ಕೆ ಇಟ್ಟು ತೋರಿಸುವುದಕ್ಕೆ ಏನಿದೆ, ಒಂದೇ ಚುಕ್ಕೆ ಎಂದು ತಿಳಿ. ಮಣಿಕಟ್ಟಿನಿಂದ ನೆಲಕ್ಕೆ ಮೂವತ್ತನಾಲ್ಕು ಇಂಚು. ಆ ಬೆನ್ನು ತೋಡಿದ್ದು ನನಗೆ ಬೇಡ. ಝೀರೋ ಇದ್ದವನು ಯಾವುದನ್ನು ಹಿಡಿಯುತ್ತಾನೋ ಅದನ್ನೇ ಕಳಿಸು. ಉಪದೇಶಕ್ಕೆ ಇಲ್ಲಿ ಸ್ವಾಮಿಗಳು ಇದ್ದಾರೆ.

ಸಂಗಣ್ಣ

*

ಝಳಕಿ
2 ಡಿಸೆಂಬರ್ 2024

ಸಂಗಣ್ಣ,

ಹತ್ತಕ್ಕೆ ಹತ್ತೂ ನಡುವೆ. ಮೊದಲ ದಿನವೇ. ಪುಣೆಯ ಆ ಆರು ಜನರೂ ನಿನ್ನ ಬಯಲಿಗೆ ಬಂದು ಪಾಠ ಹೇಳಿಸಿಕೊಳ್ಳಬೇಕು.

ನೀನು ಝೀರೋ ಕೇಳಿದೆ, ನಾನು ಝೀರೋ ಕಳಿಸಿದ್ದೇನೆ. ಬ್ಲೇಡ್, ಐದನೇ ನಂಬರಿನಿಂದ ಒಂಬತ್ತರವರೆಗೆ, ಮೇಲೆ ಹತ್ತಿರದ ಹೊಡೆತಕ್ಕೆ ಒಂದು ವೆಜ್. ಗಟ್ಟಿ ಉಕ್ಕಿನ ಕೋಲು. ಸೋಲಾಪುರದ ಒಬ್ಬ ಸಾಹೇಬರು ಬಿಟ್ಟುಹೋಗಿದ್ದು, ಅವರು ಚೆನ್ನಾಗಿ ಆಡುತ್ತಿದ್ದರು. ತೌಸಿಫನಿಂದ ಪಡೆದುಕೊ. ನನಗೆ ಕೊಡಬೇಕಾದ್ದು ಏನೂ ಇಲ್ಲ. ನಿನ್ನ ಗುಟ್ಟು ನನ್ನ ಬಾಯಿಂದ ಯಾರಿಗೂ ಹೋಗುವುದಿಲ್ಲ.

ಒಳ್ಳೆಯದಾಗಲಿ.

ಕಾಸಿಂಸಾಬ

*

ಮುದ್ದೇಬಿಹಾಳ
5 ಜನವರಿ 2025

ಕಾಸಿಂಕಾಕಾ ಅವರಿಗೆ,

ಭಾಗ್ಯಾಳ ನಮಸ್ಕಾರ. ಅಬಿದಾಕಾಕುಗೂ ತಿಳಿಸಿರಿ. ಅಪ್ಪನಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ.

ಹೊಸ ವರ್ಷಕ್ಕೆ ಬಾಗೇವಾಡಿಗೆ ಹೋಗಿದ್ದೆ. ಅಪ್ಪನ ಎರಡೂ ಅಂಗೈ ಬೊಬ್ಬೆ ಬಂದು ಒಡೆದಿವೆ. ಊಟದಲ್ಲಿ ರೊಟ್ಟಿ ಮುರಿಯಲು ಆಗದೆ ಅವ್ವ ಮುರಿದು ಕೊಡುತ್ತಾಳೆ. ಮೂರು ಹೊಸ ಟ್ರ್ಯಾಕ್ಟರಿನ ಹೆಡ್‌ಲೈಟ್ ಒಡೆದಿವೆ. ಕೆಲಸದವರು ಈಗ ಹಿಂದಿನ ಬಯಲಿಗೆ ಹೋಗುವಾಗ ಹೆಲ್ಮೆಟ್ ಹಾಕಿಕೊಳ್ಳುತ್ತಾರೆ. ಕೇಳಿದರೆ, "ಕೈ ಪಳಗಾಕತ್ತೈತಿ, ನೀ ಸುಮ್ಮಿರು" ಎನ್ನುತ್ತಾರೆ.

ನೀವು ಹೇಳಿದ್ದ ವಿಭೂತಿಯ ಪರೀಕ್ಷೆಯ ಬಗ್ಗೆ ಅಪ್ಪನ ಮೇಜಿನ ಮೇಲಿದ್ದ ನಿಮ್ಮ ಕಾಗದಗಳಲ್ಲಿ ಓದಿದೆ. ಓದಬಾರದಿತ್ತು, ಓದಿದೆ. ಅಪ್ಪನನ್ನು ನಿಲ್ಲಿಸಿ ನಾನೇ ಹತ್ತು ಚೆಂಡು ಹೊಡೆಸಿದೆ. ಚುಕ್ಕೆಗಳ ಕಾಗದ ಜೊತೆಗಿದೆ. ಎರಡು ತುದಿಗೆ, ನಾಲ್ಕು ಬುಡಕ್ಕೆ, ಒಂದು ಕೋಲಿಗೇ ತಾಗಿದೆ. ಉಳಿದ ಮೂರು ಸಲ ಐರನ್ ಚೆಂಡಿಗೆ ತಾಗಲೇ ಇಲ್ಲ.

ಕಾಕಾ, ಈ ಕೈ ಎಂಥದೆಂದು ನೋಡದೆಯೇ ನಿಮಗೆ ಗೊತ್ತಿತ್ತು. ಹತ್ತೂ ನಡುವೆ ಎಂಬ ಮಾತನ್ನು ನೀವು ನಂಬಿದಿರಿ ಎಂದು ನಾನು ನಂಬುವುದಿಲ್ಲ. ಎಮ್ಮೆಗೆ ಕೊಡುವ ಡೋಸನ್ನು ಕರುವಿಗೆ ಕೊಟ್ಟು, ಮಾಲೀಕನೇ ಕೇಳಿದ್ದ ಎಂದರೆ ನನ್ನ ಲೈಸೆನ್ಸ್ ಹೋಗುತ್ತದೆ. ನೀವು ತಿಳಿದೂ ತಿಳಿದೂ ಕೊಟ್ಟಿದ್ದೀರಿ.

ಅಪ್ಪ ಇಂಡಿಯಲ್ಲಿ ನಿಮಗೆ ಅಂದಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ. ಆಗ ನನಗೆ ಹದಿನೈದು. ನೀವು ಎದ್ದು ಹೋದದ್ದನ್ನು ನೋಡಿದೆ, ಹಿಂದೆ ಬಂದು ಕರೆಯಲಿಲ್ಲ. ಅದು ನನ್ನ ತಪ್ಪು. ಆದರೆ ಅಮಿತ ನನಗೆ ಇಷ್ಟವಾಗಿದ್ದಾರೆ ಕಾಕಾ. ನಿಮ್ಮಿಬ್ಬರ ನಡುವೆ ಏನಿದೆಯೋ ಅದು ನನ್ನ ಮದುವೆಯ ಮೇಲೆ ಬೀಳಬಾರದು.

ಭಾಗ್ಯಾ

*

ಝಳಕಿ
12 ಜನವರಿ 2025

ಸಂಗಣ್ಣ,

ನಾನು ಕಳಿಸಿದ ಸೆಟ್ ವಾಪಸ್ ಕಳಿಸು. ಅಳತೆಯಲ್ಲಿ ತಪ್ಪಾಗಿದೆ. ಬೇರೆ ತೆಗೆದಿಟ್ಟಿದ್ದೇನೆ, ಕ್ಯಾವಿಟಿ, ಹಗುರ ಕೋಲು. ನಿನ್ನ ಎತ್ತರಕ್ಕೂ ವಯಸ್ಸಿಗೂ ಸರಿಯಾದದ್ದು. ಇನ್ನೂ ನಾಲ್ಕು ವಾರವಿದೆ. ಬಾ, ಹೇಗೆ ನಿಲ್ಲಬೇಕೆಂದಾದರೂ ಹೇಳಿಕೊಡುತ್ತೇನೆ.

ಅದಕ್ಕಿಂತ ಮೊದಲು ಹಿಪ್ಪರಗಿಯವರಿಗೆ ಹೇಳಿಬಿಡು. ಇದು ಎರಡನೆಯ ಸಲ ಹೇಳುತ್ತಿರುವುದು.

ಕಾಸಿಂಸಾಬ

*

ಬಸವನ ಬಾಗೇವಾಡಿ
19 ಜನವರಿ 2025

ಕಾಸಿಂಸಾಬ,

ಅಳತೆಯಲ್ಲಿ ತಪ್ಪು! ನಲವತ್ತು ವರ್ಷ ಇದೇ ಕೆಲಸ ಮಾಡಿದವನಿಗೆ? ನನ್ನ ಆಟ ಕೆಡಿಸಲು ಹಿಪ್ಪರಗಿಯವರೇ ನಿನಗೆ ಏನೋ ಹೇಳಿಕೊಟ್ಟಿರಬೇಕು ಎನ್ನಿಸುತ್ತದೆ. ಇಲ್ಲವೇ ನಿನಗೆ ಹೊಟ್ಟೆಕಿಚ್ಚು. ಬ್ಲೇಡನ್ನು ಚೀಲದಲ್ಲಿ ಇಟ್ಟು ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ನೋಡಿದವರು ನನ್ನನ್ನು ಏನು ತಿಳಿಯಬೇಕೋ ಹಾಗೇ ಇದೆ. ಆ ದಪ್ಪ ಅಡಿಯದನ್ನು ಹಿಡಿದು ಕಲಿಯುವ ಹುಡುಗನ ಹಾಗೆ ಅವರ ಎದುರು ನಿಲ್ಲುವುದಕ್ಕಿಂತ, ಬ್ಲೇಡ್ ಹಿಡಿದು ಸೊಂಟ ಉಳುಕಿದೆ ಎಂದು ಕೂತರೆ ಮರ್ಯಾದೆ ಉಳಿಯುತ್ತದೆ.

ಒಂದು ಕೆಲಸ ಮಾಡು. ಯಾವ ಹೊಡೆತಕ್ಕೆ ಯಾವ ನಂಬರ್ ಎಂದು ಅಲ್ಲಿ ಯಾರಾದರೂ ಕಿವಿಯಲ್ಲಿ ಹೇಳಬೇಕು. ಒಂಬತ್ತನೇ ತಾರೀಕು ನೀನೇ ಬಂದು ನನ್ನ ಚೀಲ ಹಿಡಿ. ಅಲ್ಲಿ ನಿನ್ನ ಗುರುತಿನವರು ಇದ್ದಾರೆ, ಯಾರಿಗೂ ಸಂಶಯ ಬರುವುದಿಲ್ಲ. ಕಾರು ಕಳಿಸುತ್ತೇನೆ.

ಸಂಗಣ್ಣ

*

ಝಳಕಿ
24 ಜನವರಿ 2025

ಬರುತ್ತೇನೆ. ಕಾರು ಬೇಡ, ಬಸ್ಸಿದೆ.

ಕಾಸಿಂಸಾಬ

*

ಝಳಕಿ
13 ಫೆಬ್ರವರಿ 2025

ಭಾಗ್ಯಾ ಮಗಾ,

ಮೊನ್ನೆ ಫೋನಿನಲ್ಲಿ ನೀನು ಪುಣೆಯಲ್ಲಿ ಏನಾಯಿತೆಂದು ಕೇಳಿದೆ. ನಾನು ಫೋನನ್ನು ಅಬಿದಾಳ ಕೈಗೆ ಕೊಟ್ಟೆ. ದನಗಳ ಲಸಿಕೆಯ ಕೆಲಸವೆಂದು ನೀನು ಬರದಿದ್ದದ್ದೇ ಒಳ್ಳೆಯದಾಯಿತು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಏಳಕ್ಕೆ ನಿಮ್ಮಪ್ಪ ಬಂದ. ಬಿಳಿ ಪ್ಯಾಂಟು, ಬಿಳಿ ಟೋಪಿ, ಕೈಗೆ ಎರಡೂ ಕಡೆ ಗ್ಲೌಸು. ಗಾಲ್ಫಿನಲ್ಲಿ ಒಂದೇ ಕೈಗೆ ಹಾಕುವುದು. ಬೊಬ್ಬೆ ಮುಚ್ಚಲು ಎರಡಕ್ಕೂ ಹಾಕಿದ್ದ ಎಂದು ಆಮೇಲೆ ತಿಳಿಯಿತು. ಹಿಪ್ಪರಗಿ ಸಾಹೇಬರು ಹದಿನೈದು ಇಪ್ಪತ್ತು ಜನರನ್ನು ಕರೆತಂದಿದ್ದರು, ಝೀರೋ ನೋಡಲು. ನನ್ನನ್ನು ಕಂಡು ಖುಷಿಯಿಂದ, "ಕಾಸಿಂಭಾಯಿ! ನೀವ ಇವರ ಕಡೆ ಅದೀರಿ ಅಂದಮ್ಯಾಲ ಕೇಳೂದೈತೇನು" ಎಂದರು. ಚೀಲದಲ್ಲಿದ್ದ ಬ್ಲೇಡನ್ನು ಮುಟ್ಟಿ ನೋಡಿ, ತಮ್ಮ ಕ್ಯಾವಿಟಿ ತೋರಿಸಿ, "ನಮ್ಮದು ಬಡವರ ಸಾಮಾನ್ರೀ" ಎಂದು ನಕ್ಕರು. ಅಮಿತನೂ ಇದ್ದ. ಒಳ್ಳೆಯ ಹುಡುಗನ ಹಾಗೆ ಕಂಡ. ನಿಮ್ಮಪ್ಪ ಟೋಪಿ ಸರಿಮಾಡಿಕೊಂಡು ಎಲ್ಲರಿಗೂ ತಲೆಯಾಡಿಸಿದ.

"ಝೀರೋದವರು ಮೊದಲ" ಎಂದರು ಸಾಹೇಬರು.

ನಿಮ್ಮಪ್ಪ ಏಳನೇ ನಂಬರ್ ಎತ್ತಿ ಬೀಸಿದ. ರೊಟ್ಟಿಯಷ್ಟು ಹುಲ್ಲಿನ ಹೆಂಟೆ ಎದ್ದು ಚೆಂಡಿಗಿಂತ ದೂರ ಹೋಗಿ ಬಿತ್ತು. ಎರಡನೆಯದು ತುದಿಗೆ ತಾಗಿ ಬಲಕ್ಕೆ ಹಾರಿ ಒಬ್ಬರ ಚಹದ ಕಪ್ಪಿನ ಪಕ್ಕ ಬಿತ್ತು. ಆ ಚಳಿಯಲ್ಲಿ ಬ್ಲೇಡಿನ ತುದಿ ತಾಗಿದರೆ ಕೈಗೆ ಏನಾಗುತ್ತದೆಂದು ನನಗೆ ಗೊತ್ತು. ನಿಮ್ಮಪ್ಪ ತುಟಿ ಕಚ್ಚಿಕೊಂಡ. ಮೂರನೆಯದಕ್ಕೆ ಚೆಂಡು ಇದ್ದಲ್ಲೇ ಇತ್ತು, ಅವನೇ ಒಂದು ಸುತ್ತು ತಿರುಗಿದ. ಹಿಂದಿದ್ದ ಒಬ್ಬ ಮುದುಕ ಬಾಯಿಗೆ ಕರ್ಚೀಫ್ ಇಟ್ಟುಕೊಂಡ.

"ಸಂಗಣ್ಣಾರ, ಝೀರೋ ಅಂದಿದ್ರಲ್ಲ?" ಎಂದರು ಸಾಹೇಬರು. ಮಾತು ಮೆತ್ತಗೇ ಇತ್ತು.

ನಿಮ್ಮಪ್ಪ ಐರನ್ ನೋಡಿದ, ಹುಲ್ಲು ನೋಡಿದ, ಆಮೇಲೆ ನನ್ನನ್ನು ನೋಡಿದ. "ಈ ಐರನ್ ನನ್ನ ಕೈಯಾವು ಅಲ್ರೀ. ಈ ಚೀಲಾ ಹೊರಾಂವ ತಪ್ಪ ಕೊಟ್ಟಾನ್ರಿ" ಎಂದ.

ಅಲ್ಲಿದ್ದ ಅರ್ಧ ಜನರಿಗೆ ನಾನೇ ಐರನ್ ಆರಿಸಿ ಕೊಟ್ಟವನು. ಎಲ್ಲರೂ ನನ್ನ ಕಡೆ ತಿರುಗಿದರು. ಸಾಹೇಬರು, "ಕಾಸಿಂಭಾಯಿ, ಖರೇನ?" ಎಂದು ಕೇಳಿದರು.

"ಹೌದ್ರಿ. ನಾನ ತಪ್ಪ ಕೊಟ್ಟೇನಿ" ಎಂದೆ.

ಸಾಹೇಬರು, "ನಿಮ್ಮ ಕಡಿಂದ ಇದು ಆಗಬಾರದಿತ್ತು" ಎಂದು ಹೇಳಿ ನಿಮ್ಮಪ್ಪನ ಹೆಗಲ ಮೇಲೆ ಕೈಹಾಕಿ ಚಹಕ್ಕೆ ಕರೆದುಕೊಂಡು ಹೋದರು. ತಪ್ಪು ಐರನ್ ಹಿಡಿದರೆ ಎಂಥವರ ಆಟವೂ ಕೆಡುತ್ತದೆ ಎಂದು ದಾರಿಯುದ್ದಕ್ಕೂ ಸಮಾಧಾನ ಹೇಳುತ್ತಿದ್ದರು. ಆಟ ಅಲ್ಲಿಗೇ ನಿಂತಿತು, ಮಾನ ಉಳಿಯಿತು. ಏಪ್ರಿಲ್‌ನಲ್ಲಿ ನಿಶ್ಚಯವಂತೆ. ನಾನು ಚೀಲವನ್ನು ಕಾರಿನಲ್ಲಿಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ.

ನಿನ್ನೆ ಸೋಲಾಪುರದ ಇಬ್ಬರು ರಿಪೇರಿಗೆ ಕೊಟ್ಟಿದ್ದ ತಮ್ಮ ಸೆಟ್‌ಗಳನ್ನು ವಾಪಸ್ ಒಯ್ದರು. ಬೇರೆ ಕಡೆ ತೋರಿಸುತ್ತಾರಂತೆ. ತೋರಿಸಲಿ.

ನಿನ್ನ ಜನವರಿಯ ಕಾಗದಕ್ಕೆ ನಾನು ಉತ್ತರ ಬರೆದಿರಲಿಲ್ಲ. ನೀನು ಬರೆದದ್ದು ಸರಿ. ತಿಳಿದೂ ತಿಳಿದೂ ಕೊಟ್ಟೆ. ಅವನು ಹಾಗೆ ಎಲ್ಲರ ಮುಂದೆ ಗಿರಕಿ ಹೊಡೆಯುವುದನ್ನು ನೋಡಬೇಕೆಂದೇ ಕೊಟ್ಟೆ.

ನಿನ್ನ ಕಾಕಾ,
ಕಾಸಿಂಸಾಬ

*

ಮುದ್ದೇಬಿಹಾಳ
18 ಫೆಬ್ರವರಿ 2025

ಕಾಕಾ,

ನೀವು ಅಪ್ಪನನ್ನು ಉಳಿಸಲು ಹೌದೆಂದಿರಿ ಎಂದು ಅಪ್ಪ ತಿಳಿದಿದ್ದಾರೆ. ಭಾನುವಾರ ಬಾಗೇವಾಡಿಗೆ ಹೋಗಿದ್ದಾಗ ನಾಲ್ಕು ಸಲ ಅದನ್ನೇ ಹೇಳಿದರು, ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನು ಏನೂ ಹೇಳಿಲ್ಲ. ನಿಮ್ಮ ಮಾತನ್ನು ನೀವೇ ಹೇಳಬೇಕು.

ನನ್ನ ಮಾತನ್ನು ನಾನು ಈ ಶನಿವಾರ ಅಪ್ಪನಿಗೆ ಹೇಳುತ್ತೇನೆ. ಆ ಮನೆಗೆ ಈ ಸುಳ್ಳನ್ನು ಹೊತ್ತುಕೊಂಡು ನಾನು ಹೋಗಲಾರೆ.

ಭಾಗ್ಯಾ

*

ಬಸವನ ಬಾಗೇವಾಡಿ
3 ಮಾರ್ಚ್ 2025

ಕಾಸಿಂಸಾಬ,

ಹೋದ ತಿಂಗಳು ಇಪ್ಪತ್ತೆರಡಕ್ಕೆ, ಶನಿವಾರ, ಭಾಗ್ಯಾ ಬಂದಿದ್ದಳು. ಬ್ಯಾಗ್ ಕೆಳಗಿಡದೆ ನಿಂತೇ, "ಅಪ್ಪಾ, ನೀವು ಬರೀತೀರೋ, ನಾ ಹೋಗಿ ಹೇಳ್ಲೋ?" ಎಂದಳು. ನಾನು ಕೂಗಾಡಿದೆ. ಅವಳು ಕೂಗಲಿಲ್ಲ. "ಕಾಕಾನ ಮ್ಯಾಲೆ ಹಾಕಿ ಕಟ್ಟಿದ್ದ ಸಂಬಂಧ ನನಗ ಬ್ಯಾಡ. ಮುರದ್ರ ಮುರೀಲಿ" ಎಂದಳು. ಹಾಗೆನ್ನುವಾಗ ಅವಳ ಕಣ್ಣಲ್ಲಿ ನೀರಿತ್ತು. ಆ ಹುಡುಗನನ್ನು ಅವಳು ಎಷ್ಟು ಹಚ್ಚಿಕೊಂಡಿದ್ದಾಳೆಂದು ನನಗೆ ಆಗ ತಿಳಿಯಿತು.

ಹಿಪ್ಪರಗಿಯವರಿಗೆ ಬರೆದಿದ್ದೇನೆ. ಎಂಟು ಹಾಳೆ ಹರಿದೆ, ಒಂಬತ್ತನೆಯದು ಇದು. ಮೊದಲು ಕಾಕಾಗೆ ಕಳಿಸಿ ಎಂದು ಭಾಗ್ಯಾ ಹೇಳಿದಳು, ಯಾಕೆಂದು ಹೇಳಲಿಲ್ಲ. ಹಾಳಾದದ್ದು ನಿನ್ನ ಹೆಸರು. ಆದ್ದರಿಂದ ಅಂಚೆಗೆ ಹಾಕುವುದೋ ಹರಿಯುವುದೋ ನಿನಗೆ ಬಿಟ್ಟಿದ್ದು. ವಿಳಾಸ ಬರೆದ ಲಕೋಟೆ ಜೊತೆಗಿದೆ.

ಸಂಗಣ್ಣ

(ಜೊತೆಗಿದ್ದ ಪತ್ರ)

ಮಾನ್ಯ ಹಿಪ್ಪರಗಿ ಸಾಹೇಬರಿಗೆ ಸಂಗಣ್ಣನ ಶರಣು.

ನಾನು ಗಾಲ್ಫ್ ಆಡುವವನಲ್ಲ. ಫೆಬ್ರವರಿ ಒಂಬತ್ತಕ್ಕೆ ಮೊದಲು ಆ ಮೈದಾನವನ್ನು ಕಂಡವನೂ ಅಲ್ಲ. ನೀವು ಹ್ಯಾಂಡಿಕ್ಯಾಪ್ ಎಷ್ಟೆಂದಾಗ ಅಂಗವಿಕಲರ ಮಾತು ಎಂದು ತಿಳಿದು ಝೀರೋ ಎಂದೆ. ಅದು ತಿಳಿಯದೆ ಆದ ತಪ್ಪು. ತಿಳಿದ ಮೇಲೆ ಮೂರು ತಿಂಗಳು ಬಾಯಿ ಮುಚ್ಚಿಕೊಂಡದ್ದು ತಿಳಿದೇ ಮಾಡಿದ ತಪ್ಪು.

ಐರನ್ ತಪ್ಪು ಎಂದು ಕಾಸಿಂಸಾಬನ ಮೇಲೆ ಹಾಕಿದೆ. ಅವನು ಬದಲಿ ಸೆಟ್ ಕೊಡುತ್ತೇನೆಂದು ಬರೆದಿದ್ದ, ಬೇಡವೆಂದವನು ನಾನು. ಎಲ್ಲರ ಮುಂದೆ ಹೌದೆಂದು ಅವನು ನನ್ನ ಮಾನ ಉಳಿಸಿ ತನ್ನದನ್ನು ಕಳಕೊಂಡ. ಅಂಥ ದೊಡ್ಡ ಮನಸ್ಸು ನನಗಿಲ್ಲ. ಅವನು ನನ್ನ ಚೀಲ ಹೊರುವವನಲ್ಲ, ಝಳಕಿಯ ಸಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತ ಗೆಳೆಯ. ಇದನ್ನು ಹನ್ನೆರಡು ವರ್ಷದ ಹಿಂದೆಯೇ ಹೇಳಬೇಕಾಗಿತ್ತು, ಹೇಳಲಿಲ್ಲ.

ಇಷ್ಟಾದ ಮೇಲೆ ಬೀಗತನ ಬೇಕೋ ಬೇಡವೋ ನೀವೇ ಹೇಳಬೇಕು. ಮಗಳದು ಇದರಲ್ಲಿ ಏನೂ ಇಲ್ಲ. ಬರೆಯಲು ಹಚ್ಚಿದವಳು ಅವಳೇ.

ಸಂಗಣ್ಣ

*

ಝಳಕಿ
10 ಮಾರ್ಚ್ 2025

ಸಂಗಣ್ಣ,

ನಿನ್ನ ಅಕ್ಷರ ಸಾಲೆಯ ಮೂರನೇ ಇಯತ್ತೆಯಲ್ಲಿ ಹೇಗಿತ್ತೋ ಹಾಗೇ ಇದೆ. ಹಿಪ್ಪರಗಿ ಸಾಹೇಬರು ಇಂಜಿನಿಯರ್ ಆಗಿದ್ದವರು, ಹೇಗೋ ಓದಿಕೊಳ್ಳುತ್ತಾರೆ.

ಪತ್ರ ಐದು ದಿನದಿಂದ ನನ್ನ ಹತ್ತಿರ ಇತ್ತು. ಹರಿಯಬೇಕೆಂದು ಎರಡು ಸಲ ಕೈಗೆ ತೆಗೆದುಕೊಂಡೆ. ನಿನ್ನ ಮೇಲಿನ ಕರುಣೆಯಿಂದ ಎಂದು ತಿಳಿಯಬೇಡ. ಅದರಲ್ಲಿ ನನ್ನ ಮನಸ್ಸು ದೊಡ್ಡದು ಎಂದು ಬರೆದಿದ್ದೀಯಲ್ಲ, ಆ ಸಾಲು ನನಗೆ ಓದಲು ಆಗಲಿಲ್ಲ. ನಿನ್ನ ಪತ್ರದಲ್ಲಿ ಉಳಿದದ್ದೆಲ್ಲ ಖರೆ, ಅದೊಂದೇ ಸುಳ್ಳು. ಆ ಸುಳ್ಳು ನಿನ್ನದಲ್ಲ, ನನ್ನದು.

ಆ ಸಾಲನ್ನು ಗೀಟು ಹಾಕಿ ಹೊಡೆದಿದ್ದೇನೆ. ಅದರ ಕೆಳಗೆ ನನ್ನ ಕೈಯಲ್ಲಿ ಹೀಗೆ ಬರೆದಿದ್ದೇನೆ: "ಸಂಗಣ್ಣನಿಗೆ ಆಡಲು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಅವನ ಕೈಗೆ ಈ ಐರನ್ ಸಲ್ಲದೆಂದೂ ಗೊತ್ತಿತ್ತು. ನಿಮ್ಮೆಲ್ಲರ ಮುಂದೆ ಅವನು ನಗೆಗೀಡಾಗಲಿ ಎಂದೇ ಕೊಟ್ಟೆ. ಆ ದಿನ ಹೌದೆಂದದ್ದು ಯಾರನ್ನೂ ಉಳಿಸಲಿಕ್ಕಲ್ಲ. ನೀವು ಕೇಳಿದಿರಿ, ಅದು ಖರೆ ಇತ್ತು. ಕಾಸಿಂಸಾಬ, ಝಳಕಿ." ನಿನ್ನ ಸಹಿಯ ಪಕ್ಕದಲ್ಲಿ ನನ್ನದೂ ಇದೆ.

ಬದಲಿ ಸೆಟ್ ಕೊಡುತ್ತೇನೆಂದು ಬರೆದಾಗಲೂ ನಿಜ ಹೇಳಲಿಲ್ಲ, ಅಳತೆ ತಪ್ಪಿತು ಎಂದೆ. ಇಂಡಿಯಲ್ಲಿ ನೀನು ಅಂದದ್ದನ್ನು ಹನ್ನೆರಡು ವರ್ಷ ಎದೆಯಲ್ಲಿ ಇಟ್ಟುಕೊಂಡು, ನಿನ್ನನ್ನು ಕೀಳು ಎಂದುಕೊಂಡು ಇದ್ದೆ. ಹಾಗೆ ಅಂದುಕೊಂಡಾಗೆಲ್ಲ ನಾನು ಮೇಲಿದ್ದೇನೆ ಎನ್ನಿಸುತ್ತಿತ್ತು. ಪುಣೆಯಲ್ಲಿ ನಿನ್ನ ಮೊದಲ ಹೊಡೆತಕ್ಕೆ ನನಗೆ ಖುಷಿಯಾಯಿತು, ಸಂಗಣ್ಣ. ಎರಡನೆಯದಕ್ಕೂ ಆಯಿತು. ಮೂರನೆಯದಕ್ಕೆ ನೀನು ತಿರುಗಿ ನಿಂತಾಗ ಗ್ಲೌಸಿನ ಮೇಲೆ ರಕ್ತ ಕಂಡಿತು. ನಿನ್ನ ಮಗಳು ಬೊಬ್ಬೆ ಎಂದು ಬರೆದಿದ್ದಳು, ನಾನು ಓದಿ ಮಡಚಿಟ್ಟಿದ್ದೆ. ಯಾವ ಕೈಗೆ ಏನು ಕೊಡಬೇಕೆಂದು ನೋಡುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ಅದರಿಂದಲೇ ಆ ಕೆಲಸ ಮಾಡಿದ್ದೆ. ನಾಚಿಕೆಯಾಯಿತು. ಈಗಲೂ ಆಗುತ್ತಿದೆ.

ನೀನು ಡೌಲಿನವನು, ಸುಳ್ಳುಗಾರ, ದೊಡ್ಡವರ ಮುಂದೆ ಬಾಗುವವನು. ಇದರಲ್ಲಿ ಒಂದನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಒಂಬತ್ತು ಹಾಳೆ ಬರೆದೆ. ನಾನು ನಾಲ್ಕು ಸಾಲು ಬರೆಯಲು ಐದು ದಿನ ತೆಗೆದುಕೊಂಡೆ.

ಇವತ್ತು ಮಧ್ಯಾಹ್ನ ಅಂಚೆಗೆ ಹಾಕಿ ಬಂದೆ. ಗುರುವಾರದ ಹೊತ್ತಿಗೆ ಅವರ ಕೈಸೇರುತ್ತದೆ. ಅವರು ನಗುತ್ತಾರೋ, ಮುಖ ತಿರುಗಿಸುತ್ತಾರೋ ನನಗೆ ಗೊತ್ತಿಲ್ಲ. ಸಂಬಂಧ ಮುರಿದರೆ ಭಾಗ್ಯಾಳ ಮುಂದೆ ನಿಂತು ಹೇಳಬೇಕಾದವರು ನಾವಿಬ್ಬರೂ. ನೀನೊಬ್ಬನೇ ಮುದ್ದೇಬಿಹಾಳಕ್ಕೆ ಹೋಗಬೇಡ. ಬಾಗೇವಾಡಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತಿರು, ನಾನು ಬರುತ್ತೇನೆ.

ನಿನ್ನ
ಕಾಸಿಂಸಾಬ